ಹಾರ್ನ್ ಹೊಡೆಯದ ದೇಶದಲ್ಲಿ

ಭೂತಾನಿಗೆ ಹೋಗಿಬಂದೆ ಎಂದೊಡನೆ ಜನ ಏನೇನೋ ಕೇಳುತ್ತಾರೆ. ಬೆಟ್ಟ ಹೇಗಿತ್ತು, ಚಳಿ ಎಷ್ಟಿತ್ತು, ರಾಜನನ್ನು ನೋಡಿದಿರಾ. ನಾನು ಮೆಣಸಿನಕಾಯಿಯ ವಿಷಯ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅಲ್ಲಿ ಮೆಣಸಿನಕಾಯಿ ಎಂದರೆ ಖಾರಕ್ಕೆ ಹಾಕುವ ವಸ್ತುವಲ್ಲ, ತರಕಾರಿ. ನಾವು ಬದನೆಕಾಯಿ ಬೇಯಿಸಿದ ಹಾಗೆ ಬೇಯಿಸಿ, ಮೇಲೆ ಚೀಸ್ ಸುರಿದು ತಿನ್ನುತ್ತಾರೆ ಎಂದರೆ ಚಿಕ್ಕಬಳ್ಳಾಪುರದಲ್ಲಿ ಯಾರೂ ನಂಬುವುದಿಲ್ಲ. ಆ ಚರ್ಚೆಯಲ್ಲಿ ಉಳಿದದ್ದನ್ನು ಕೇಳುವುದು ಅವರಿಗೆ ಮರೆತೇ ಹೋಗುತ್ತದೆ. ನನಗೂ ಅದೇ ಬೇಕಾಗಿರುತ್ತದೆ. ಇಲ್ಲಿ ಮಾತ್ರ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಚಿಕ್ಕಬಳ್ಳಾಪುರ

ನಮ್ಮ ಯಜಮಾನರು ಲೈನ್‌ಮನ್ ಆಗಿದ್ದವರು. ಗೌರಿಬಿದನೂರು, ಚಿಂತಾಮಣಿ, ಪೆರೇಸಂದ್ರ ಎಂದು ಊರೂರಿನ ಕಂಬ ಹತ್ತಿ ಇಳಿದು, ಹೋದ ವರ್ಷ ರಿಟೈರಾದರು. ರಿಟೈರಾದವರು ಕಾಶಿ, ರಾಮೇಶ್ವರ ಅನ್ನುತ್ತಾರೆ. ಇವರು ಭೂತಾನ್ ಅಂದರು. ಆ ದೇಶದವರು ಹೊಳೆ ನೀರಿನಿಂದ ಕರೆಂಟು ಮಾಡಿ ನಮ್ಮ ದೇಶಕ್ಕೆ ಮಾರುತ್ತಾರಂತೆ, ಕಣ್ಣಾರೆ ನೋಡಬೇಕಂತೆ. ಅದೂ ತಮ್ಮ ಮೋಟಾರ್ ಸೈಕಲ್ಲಿನಲ್ಲೇ ನೋಡಬೇಕಂತೆ. ನಾನು ಪೆರೇಸಂದ್ರದ ಸರ್ಕಾರಿ ಶಾಲೆಯಲ್ಲಿ ಮೇಡಂ. ದಸರಾ ರಜೆ ಇತ್ತು. ಬೇಡ ಅನ್ನಲು ಹತ್ತು ಕಾರಣಗಳಿದ್ದರೂ ಹೂಂ ಅಂದೆ.

ಹೂಂ ಅಂದದ್ದು ಮಗಳು ರೂಪಾಳ ಸಲುವಾಗಿ. ಅವಳು ಶಿಡ್ಲಘಟ್ಟದಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವ ಸುರೇಶ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಒಳ್ಳೆಯವನು, ನಮ್ಮ ಜಾತಿಯವನಲ್ಲ. ಸಂಕ್ರಾಂತಿ ಹಬ್ಬದಲ್ಲಿ ನಾನು ಈ ವಿಷಯ ಇವರ ಕಿವಿಗೆ ಹಾಕಿದೆ. ಇವರು ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದವರು ಅಂದಿನಿಂದ ಮಗಳ ಹೆಸರೆತ್ತಲಿಲ್ಲ. ಅವಳೂ ಮನೆಗೆ ಬರುವುದು ಬಿಟ್ಟು ಶಿಡ್ಲಘಟ್ಟದಲ್ಲೇ ರೂಮು ಮಾಡಿದಳು. ನಾವು ಹೊರಡುವ ಮುಂಚೆ ಫೋನಿನಲ್ಲಿ ಹೇಳಿದಳು: "ದೀಪಾವಳಿ ಕಳೀಲಿ ಅಂತ ಕಾಯ್ತೀನಿ ಕಣಮ್ಮ. ಅಪ್ಪ ಒಪ್ಪಿದ್ರೆ ನಮ್ಮನೆ ಮುಂದೆ ಚಪ್ಪರ ಹಾಕಣ. ಇಲ್ದಿದ್ರೆ ರಿಜಿಸ್ಟರ್ ಮಾಡ್ಕೊಂಡ್ಬಿಡ್ತೀವಿ. ನೀನೊಂದ್ಸಲ ಅಪ್ಪಂಗೆ ಹೇಳಮ್ಮ."

ಅಪ್ಪಂಗೆ ಹೇಳಮ್ಮ. ಈ ಮಾತು ನಮ್ಮ ಮನೆಯಲ್ಲಿ ಅವಳು ಮಾತು ಕಲಿತಾಗಿನಿಂದ ಇದೆ. ನಮ್ಮ ಕಡೆ ಮಕ್ಕಳು ಅಪ್ಪನ ಮುಂದೆ ನಿಂತು ಏನನ್ನೂ ಕೇಳುವುದಿಲ್ಲ. ಹೊಸ ಚಪ್ಪಲಿಯಿರಲಿ, ಶಾಲೆಯ ಟೂರಿರಲಿ, ಕಾಲೇಜಿರಲಿ, ಅಮ್ಮನಿಗೆ ಹೇಳುತ್ತಾರೆ, ಅಮ್ಮ ರಾತ್ರಿ ಊಟಕ್ಕೆ ಬಡಿಸುವಾಗ ಅಪ್ಪನಿಗೆ ಮುಟ್ಟಿಸುತ್ತಾಳೆ. ನಾನು ನಮ್ಮಪ್ಪನ ಜೊತೆ ಹಾಗೇ ಬೆಳೆದೆ, ರೂಪಾಳನ್ನೂ ಹಾಗೇ ಬೆಳೆಸಿದೆ. ಇದರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಮನೆಯಲ್ಲಾದರೆ ಇವರು ಮಾತಿನ ಮಧ್ಯೆ ಎದ್ದು ಹೋಗುತ್ತಾರೆ. ಬೈಕಿನ ಮೇಲೆ ಎಲ್ಲಿಗೆ ಹೋದಾರು? ರೂಪಾ ಅದಕ್ಕೇ ಒಂದು ಇಂಟರ್‌ಕಾಮ್ ಕಳಿಸಿದಳು. ಸೀಟಿನ ಕೆಳಗೆ ಇಡುವ ಸಣ್ಣ ಡಬ್ಬಿ, ಅದರಿಂದ ಎರಡು ಹೆಲ್ಮೆಟ್ಟಿಗೂ ವೈರು. ಮುಂದೆ ಕೂತವರು ಆಡಿದ್ದು ಹಿಂದೆ, ಹಿಂದೆ ಕೂತವರು ಆಡಿದ್ದು ಮುಂದೆ ಕೇಳುತ್ತದೆ. ತಾನು ಕಳಿಸಿದ್ದು ಅಂತ ಹೇಳಬೇಡ ಎಂದಿದ್ದಳು. ಪರಿಚಯದ ಅಂಗಡಿಯಲ್ಲಿ ತಂದೆ ಎಂದು ನಾನು ಸುಳ್ಳು ಹೇಳಿದೆ.

ಡಬ್ಬಿಯ ಜೊತೆ ಬ್ಯಾಟರಿಗೆ ನೇರ ಹಾಕುವುದಕ್ಕೆಂದು ಫ್ಯೂಸಿದ್ದ ವೈರೊಂದು ಬಂದಿತ್ತು. ಇವರು ಅದನ್ನು ಪಕ್ಕಕ್ಕೆಸೆದರು. ಹೆಡ್‌ಲೈಟ್ ಬಿಚ್ಚಿ, ಹಾರ್ನಿಗೆ ಹೋಗುವ ವೈರನ್ನು ಹಲ್ಲಿನಲ್ಲೇ ಸುಲಿದು, ಡಬ್ಬಿಯ ವೈರನ್ನು ಅದಕ್ಕೆ ಸುತ್ತಿ ಟೇಪು ಹಚ್ಚಿದರು.

"ಮೆಕ್ಯಾನಿಕ್ ಹತ್ರ ತೋರಿಸ್ಬಾರ್ದಾ ರೀ?" ಅಂದೆ.

"ಇಡೀ ತಾಲೂಕಿಗೆ ಕರೆಂಟ್ ಕೊಟ್ಟಿದೀನಿ ಕಣೇ. ಈ ಬೆಂಕಿಪೊಟ್ಟಣಕ್ಕೆ ಕೊಡಕ್ಕೆ ಬರಲ್ವಾ?" ಅಂದರು.

ಆಯುಧಪೂಜೆಯ ದಿನ ಬೈಕಿಗೆ ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮುದ್ದೇನಹಳ್ಳಿಯ ಕಡೆ ಒಂದು ಸುತ್ತು ಹೋದೆವು. ಆಗಲೇ ಗೊತ್ತಾಗಿದ್ದು. ಇವರು ಹಾರ್ನ್ ಒತ್ತಿದಾಗೆಲ್ಲ ಕಿವಿಯಲ್ಲಿ ಕಿರ್ ಅಂದು ಇಂಟರ್‌ಕಾಮ್ ಸತ್ತುಹೋಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಡಬ್ಬಿಯೊಳಗಿನ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ "ಪವರ್ ಆನ್" ಅನ್ನುತ್ತಿದ್ದಳು. ಆಮೇಲೆ ಮಾತು ಕೇಳುತ್ತಿತ್ತು. ನಮ್ಮ ರಸ್ತೆಗಳಲ್ಲಿ ಹಾರ್ನ್ ಒತ್ತದೆ ನೂರು ಹೆಜ್ಜೆ ಹೋಗಲಾಗುತ್ತದೆಯೇ? ಮುದ್ದೇನಹಳ್ಳಿ ಮುಟ್ಟುವವರೆಗೂ ನಾವಿಬ್ಬರೂ ಆ ಹೆಂಗಸಿನ ಮಾತನ್ನೇ ಕೇಳಿದೆವು. ಮನೆಗೆ ಬಂದು ಬಿಚ್ಚಿ ಕಟ್ಟಲು ಹೊತ್ತಿರಲಿಲ್ಲ, ಮಾರನೇ ದಿನ ರೈಲಿತ್ತು.

ಜಯಗಾಂವ್

ಬೈಕು ಗೋಣಿಚೀಲ ಸುತ್ತಿಕೊಂಡು ಪಾರ್ಸೆಲ್ ಡಬ್ಬಿಯಲ್ಲಿ, ನಾವು ಸ್ಲೀಪರ್ ಡಬ್ಬಿಯಲ್ಲಿ ಬಂಗಾಳಕ್ಕೆ ಬಂದೆವು. ಇಳಿಸಿಕೊಂಡಾಗ ಒಂದು ಕನ್ನಡಿ ಒಡೆದಿತ್ತು. ಇವರು ಮೊದಲು ನೋಡಿದ್ದು ಹೆಡ್‌ಲೈಟಿನ ಹಿಂದಿನ ತಮ್ಮ ಜಾಯಿಂಟನ್ನು. "ಅಲ್ಲಾಡಿಲ್ಲ ನೋಡು" ಎಂದು ಹೆಮ್ಮೆಪಟ್ಟರು.

ಚಹಾ ತೋಟಗಳ ನಡುವೆ ರಸ್ತೆ ಚೆನ್ನಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು "ರೂಪ" ಅಂದೆ. ಪೀಂ ಎಂದು ಹಾರ್ನ್ ಹೊಡೆದರು. ಎದುರಿಗೆ ಯಾರೂ ಇರಲಿಲ್ಲ. ಪವರ್ ಆನ್ ಆದ ಮೇಲೆ ಮತ್ತೆ "ಅಲ್ಲ ರೀ, ನಮ್ಮ ರೂಪ" ಅಂದೆ. ಮತ್ತೆ ಪೀಂ. ಮೂರನೆಯ ಸಲ ನನಗೆ ಅರ್ಥವಾಯಿತು. ಮನೆಯಲ್ಲಿ ಎದ್ದು ಹೋಗುವವರು ಇಲ್ಲಿ ಹಾರ್ನ್ ಒತ್ತುತ್ತಿದ್ದಾರೆ. ನನಗೆ ಎಷ್ಟು ರೇಗಿತೆಂದರೆ ಅವರ ಬೆನ್ನಿಗೆ ಗುದ್ದಬೇಕು ಅನ್ನಿಸಿತು. ಗುದ್ದಿದೆ ಕೂಡ. ಜರ್ಕಿನ್ ದಪ್ಪವಿತ್ತು, ಅವರಿಗೆ ತಿಳಿಯಲಿಲ್ಲ.

ಗಡಿಯ ಈಚೆ ಜಯಗಾಂವ್ ನಮ್ಮದೇ ಊರಿನ ಹಾಗೆ. ಆಟೋ, ತಳ್ಳುಗಾಡಿ, ಹಸು, ಎಲ್ಲರಿಗೂ ಅರ್ಜೆಂಟು, ಎಲ್ಲರ ಕೈ ಹಾರ್ನಿನ ಮೇಲೆ. ಚಿಂತಾಮಣಿಯ ಸಂತೆಯ ದಿನ ನೆನಪಾಯಿತು. ಬಣ್ಣ ಬಳಿದ ಒಂದು ದೊಡ್ಡ ಬಾಗಿಲು ದಾಟಿದರೆ ಭೂತಾನ್. ದಾಟಿದೊಡನೆ ನನ್ನ ಕಿವಿ ಕೆಟ್ಟುಹೋಯಿತೇ ಎಂದು ಹೆಲ್ಮೆಟ್ ತಟ್ಟಿ ನೋಡಿಕೊಂಡೆ. ಅಷ್ಟು ನಿಶ್ಶಬ್ದ. ನಾವು ರಸ್ತೆ ದಾಟಲು ನಿಂತರೆ ಕಾರುಗಳು ತಾವಾಗಿ ನಿಂತವು. ನಾವು ಅವು ಹೋಗಲಿ ಎಂದು ಕಾದೆವು, ಅವು ನಾವು ಹೋಗಲಿ ಎಂದು ಕಾದವು.

ಥಿಂಫು ದಾರಿ

ಅಲ್ಲಿ ಹೊರಗಿನವರ ಜೊತೆ ಗೈಡ್ ಇರಬೇಕು. ನಮಗೆ ಸಿಕ್ಕವನು ದೋರ್ಜಿ, ಮೂವತ್ತರ ಆಸುಪಾಸಿನವನು, ಹಿಂದಿ ಬಲ್ಲವನು. ಮೊಣಕಾಲಿನವರೆಗಿನ ನಿಲುವಂಗಿ, ಉದ್ದ ಕಾಲುಚೀಲ ಹಾಕಿಕೊಂಡು ತನ್ನ ಪುಟ್ಟ ಕಾರಿನಲ್ಲಿ ಮುಂದೆ ಹೋಗುತ್ತಿದ್ದ, ನಾವು ಹಿಂದೆ.

ಮೊದಲ ತಿರುವಿನಲ್ಲಿ ಇವರು ಅಭ್ಯಾಸಬಲದಿಂದ ಹಾರ್ನ್ ಹೊಡೆದರು. ದೋರ್ಜಿ ಗಾಬರಿಯಾಗಿ ಕಾರು ನಿಲ್ಲಿಸಿ ಇಳಿದು ಬಂದ. "ಏನಾಯಿತು ಸಾರ್?" ಅಂದ. ಏನೂ ಆಗಿಲ್ಲ ಎಂದೆವು. ಮುಂದಿನ ಹಳ್ಳಿಯಲ್ಲಿ ರಸ್ತೆಯ ನಡುವೆ ನಾಯಿ ಮಲಗಿತ್ತು, ಇವರು ಮತ್ತೆ ಒತ್ತಿದರು. ನಾಯಿ ಏಳಲಿಲ್ಲ. ಬಾಗಿಲಲ್ಲಿ ಕೂತಿದ್ದ ಮುದುಕಿ ಎದ್ದು ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ, ನೋಡಿದಳು ಅಷ್ಟೆ. ದೋರ್ಜಿ ಮೆತ್ತಗೆ ಹೇಳಿದ: "ಸಾರ್, ಇಲ್ಲಿ ಹಾರ್ನ್ ಹೊಡೆದರೆ ಎದುರಿಗಿರುವ ಮನುಷ್ಯನಿಗೆ ಬೈದ ಹಾಗೆ. ನಾಯಿಗಾದರೂ ಅಷ್ಟೇ."

ನಮ್ಮ ಯಜಮಾನರಿಗೆ ನಾಚಿಕೆಯಾಯಿತು. ಆಮೇಲೆ ಅವರ ಹೆಬ್ಬೆರಳು ಹಾರ್ನಿನ ಹತ್ತಿರ ಹೋಗಿ ವಾಪಸು ಬರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ನನಗೆ ಒಳಗೊಳಗೇ ಖುಷಿ.

ಥಿಂಫು ರಾಜಧಾನಿ. ಅಲ್ಲಿ ಸಿಗ್ನಲ್ ದೀಪ ಇಲ್ಲ, ಪೊಲೀಸಿನವನು ಬಿಳಿ ಕೈಗವಸು ಹಾಕಿಕೊಂಡು ನಾಟ್ಯದವರ ಹಾಗೆ ಕೈ ತಿರುಗಿಸುತ್ತಾನೆ. ನಾನು ಅದನ್ನು ನೋಡಲು ಆತುರದಿಂದ ಬೈಕಿನಿಂದಿಳಿದೆ. ವೈರು ಕಳಚುವುದು ಮರೆತಿದ್ದೆ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಎರಡು ಹೆಜ್ಜೆ ಹೋಗಿ ಜಗ್ಗಿ ನಿಂತೆ. ಪೊಲೀಸಿನವನು ಕೈ ತಿರುಗಿಸುತ್ತಲೇ ನಕ್ಕ.

ಇವರು ನೋಡಿದ ಥಿಂಫುವೇ ಬೇರೆ. ಬೌದ್ಧ ಗುಡಿಯ ಗೋಡೆಯ ಮೇಲೆ ಕಣ್ಣು ಕೋರೈಸುವ ಚಿತ್ರಗಳಿದ್ದವು. ಇವರು ತಲೆಯೆತ್ತಿ ಮೀಟರ್ ಬೋರ್ಡ್ ನೋಡುತ್ತಿದ್ದರು. ಕಣಿವೆಯ ಆಚೆಯಿಂದ ಈಚೆಗೆ ಎಳೆದ ದೊಡ್ಡ ಲೈನು ಕಂಡಾಗ ಬೈಕು ನಿಲ್ಲಿಸಿ, "ಒಂದು ಟವರಾದ್ರೂ ವಾಲಿದ್ಯಾ ನೋಡೇ. ಇದನ್ನ ಎಳೆದ ಹುಡುಗ್ರು ಎಲ್ಲಿ ನಿಂತು ಎಳೆದ್ರೋ" ಎಂದು ಕೈಮುಗಿದರು. ಅವರು ಕೈಮುಗಿದದ್ದು ಟವರಿಗೋ ಹುಡುಗರಿಗೋ ನಾನು ಕೇಳಲಿಲ್ಲ. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಪಾರೊ

ಇಲ್ಲಿ ಮೆಣಸಿನಕಾಯಿ ನೋಡಿದ್ದು. ಮನೆಗಳ ತಗಡಿನ ಮಾಡಿನ ಮೇಲೆಲ್ಲ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಊರಿಗೆ ಊರೇ ಕೆಂಪಾಗಿತ್ತು. ನಾವು ಇಳಿದುಕೊಂಡಿದ್ದ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಜಂಬದಿಂದ, ನಾವು ಕೋಲಾರದ ಕಡೆಯವರು, ನಮಗೆ ಖಾರ ಹೊಸದಲ್ಲ ಎಂದು ದೋರ್ಜಿಗೆ ಹೇಳಿದೆ. ಎರಡು ತುತ್ತಿಗೆ ಕಣ್ಣಲ್ಲಿ ನೀರು ಬಂತು. ಮನೆಯೊಡತಿ ಓಡಿ ಬಂದು ಮಜ್ಜಿಗೆ ಕೊಟ್ಟಳು. ಅವಳ ಆರು ವರ್ಷದ ಮಗಳು ಅದೇ ಪಲ್ಯವನ್ನು ಕೆಂಪಕ್ಕಿ ಅನ್ನದ ಜೊತೆ ನಿಧಾನಕ್ಕೆ ತಿನ್ನುತ್ತಿದ್ದಳು.

ತಿಂದು ಮುಗಿಸಿ ಆ ಮಗು ಅಪ್ಪನ ತೊಡೆಯ ಮೇಲೆ ಹತ್ತಿ ಕೂತು, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅವರ ಭಾಷೆಯಲ್ಲಿ ಏನೋ ಹಟ ಹಿಡಿಯಿತು. ಅಪ್ಪ ಆಗಲ್ಲ ಅಂದ, ಮಗು ಬಿಡಲಿಲ್ಲ. ವಾದ ಬಹಳ ಹೊತ್ತು ನಡೆಯಿತು. ತಾಯಿ ತನಗೇನೂ ಸಂಬಂಧವಿಲ್ಲದ ಹಾಗೆ ಪಾತ್ರೆ ತೊಳೆಯುತ್ತಿದ್ದಳು. ಇವರು ಕೈತೊಳೆಯುವುದು ಬಿಟ್ಟು ಅದನ್ನೇ ನೋಡುತ್ತಿದ್ದರು. ನಾನು ಆಗ ಅದನ್ನು ದೊಡ್ಡದು ಮಾಡಲಿಲ್ಲ.

ದೋಚುಲಾ

ಥಿಂಫುವಿನಿಂದ ಪುನಾಖಾಕ್ಕೆ ಹೋಗುವಾಗ ದೋಚುಲಾ ಎಂಬ ಘಾಟಿ ಸಿಗುತ್ತದೆ. ತುದಿಯಲ್ಲಿ ನೂರೆಂಟು ಪುಟ್ಟ ಸ್ತೂಪಗಳು, ಮರದಿಂದ ಮರಕ್ಕೆ ಬಣ್ಣದ ಬಾವುಟಗಳು. ಹಿಮಾಲಯ ಕಾಣುತ್ತದೆ ಎಂದಿದ್ದರು, ನಮಗೆ ಮಂಜು ಕಂಡಿತು. ನಂದಿಬೆಟ್ಟಕ್ಕೆ ಹೋದಾಗೆಲ್ಲ ನಮಗೆ ಆಗುವುದೂ ಇದೇ. ಚಹಾ ಕುಡಿದು ಇಳಿಯತೊಡಗಿದೆವು.

ಇಳಿಜಾರು, ತಿರುವು, ಮಂಜು. ಎಲ್ಲಿಯೂ ಹಾರ್ನಿಲ್ಲ. ನಾನು ರೂಪಾಳ ವಿಷಯ ತೆಗೆದೆ. ಹೆಬ್ಬೆರಳು ಹಾರ್ನಿನವರೆಗೆ ಹೋಗಿ ಹಿಂದೆ ಬಂತು. ನಾನು ಎಲ್ಲ ಹೇಳಿದೆ. ಹುಡುಗನ ಗುಣ ಹೇಳಿದೆ, ಅವನ ತಾಯಿ ನನಗೆ ಫೋನ್ ಮಾಡಿ ಅತ್ತದ್ದು ಹೇಳಿದೆ, ಧಾರೆ ಎರೆಯುವವರಿಲ್ಲದೆ ಒಬ್ಬಳೇ ಮಗಳು ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಬೇಕೇ ಎಂದು ಕೇಳಿದೆ. ಎಷ್ಟೋ ತಿರುವು ಕಳೆದ ಮೇಲೆ ಕಿವಿಯಲ್ಲಿ ಇವರ ಧ್ವನಿ ಬಂತು. ಮನೆಯಲ್ಲಿ ನಾನು ಕೇಳಿರದ ಧ್ವನಿ. ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯವಿತ್ತೋ ಏನೋ.

"ಈ ಡಬ್ಬಿ ಅವಳೇ ಕಳಿಸಿದ್ದು ತಾನೇ?"

ಹೂಂ ಅಂದೆ.

"ನನ್ನ ಕೈಗೆ ಕೊಡಬಹುದಿತ್ತು. ಕೊಡಲ್ಲ. ಹುಟ್ಟಿದಾಗಿಂದ ಅವಳು ನನ್ನ ಹತ್ರ ಒಂದು ಪೆನ್ಸಿಲ್ ಕೇಳಿಲ್ಲ ಸರೋಜ. ಎಲ್ಲಾ ನಿನ್ನ ಕೈಲೇ. ನಾನೇನು ಹುಲೀನಾ? ಮದುವೆ ವಿಷಯಾನೂ ನಿನ್ನ ಕೈಲೇ ಹೇಳಿಸಿದ್ಲು. ಅವತ್ತು ನಾನು ಎದ್ದು ಹೋಗಿದ್ದು ಅದಕ್ಕೆ."

"ಜಾತಿ ಅಂತ ಅಲ್ವಾ?"

"ಅದೂ ಇದೆ. ಇಲ್ಲ ಅನ್ನಲ್ಲ. ನುಂಗ್ಕೋತೀನಿ. ಅವಳು ಬಂದು ನನ್ನ ಮುಂದೆ ನಿಂತು, ಅಪ್ಪ ಹಿಂಗಿಂಗೆ, ಬರ್ತೀಯಾ ಅಂತ ಒಂದು ಮಾತು ಕೇಳ್ಲಿ. ಧಾರೆ ಎರೀತೀನಿ."

ನಾನು ಹೆಲ್ಮೆಟ್ಟಿನೊಳಗೇ ಅತ್ತೆ. ಇಷ್ಟೇ ತಾನೆ, ಸಂಜೆಯೇ ಫೋನ್ ಮಾಡಿ ಹೇಳಿಬಿಡುತ್ತೇನೆ ಅಂದೆ.

"ಅದೇ ಬೇಡ ಅಂದಿದ್ದು. ನೀನು ಹೇಳ್ಕೊಟ್ಟು ಕಳಿಸಿದ್ರೆ ಅದು ನೀನು ಕೇಳ್ದಂಗಾಯ್ತು. ಅವಳಿಗೇ ಅನ್ನಿಸಿ ಬರಬೇಕು. ಒಂದು ಸುಳಿವೂ ಕೊಡಬಾರದು. ರೂಪನ ತಲೆ ಮೇಲೆ ಆಣೆ ಮಾಡು."

ಬೇರೆ ಯಾವುದರ ಮೇಲಾದರೂ ಆಣೆ ಇಡಿಸಿದ್ದರೆ ನಾನು ಸರಾಗವಾಗಿ ಇಟ್ಟು, ಸರಾಗವಾಗಿ ಮುರಿಯುತ್ತಿದ್ದೆ. ದೇವರ ಆಣೆಗೆ ತಪ್ಪುಕಾಣಿಕೆ ಕಟ್ಟಬಹುದು. ಮಗಳ ತಲೆಯ ಮೇಲಿನ ಆಣೆಗೆ ಏನು ಕಟ್ಟುವುದು? ಮಂಜಿನಲ್ಲಿ ಮುಂದಿನ ರಸ್ತೆ ಕಾಣುತ್ತಿರಲಿಲ್ಲ. ಬೇಡ ಎಂದರೆ ಇವರು ಮತ್ತೆ ಮುಚ್ಚಿಕೊಂಡುಬಿಡುತ್ತಾರೆ ಎಂದು ಭಯವಾಯಿತು. ರೂಪನ ಆಣೆ, ಹೇಳಲ್ಲ ಅಂದೆ.

ಪುನಾಖಾ

ಎರಡು ಹೊಳೆಗಳು ಕೂಡುವ ಜಾಗದಲ್ಲಿ ಬಿಳಿಯ ಕೋಟೆ. ಒಂದು ಹೊಳೆ ಗಂಡು, ಒಂದು ಹೆಣ್ಣು ಎಂದ ದೋರ್ಜಿ. ನನಗೆ ಯಾವುದೂ ತಲೆಗೆ ಹೋಗಲಿಲ್ಲ. ಹೋಟೆಲಿಗೆ ಬಂದಾಗ ರೂಪಾಳ ಕರೆ ಬಂತು. ಇವರು ಆಚೆ ವರಾಂಡದಲ್ಲಿ ಫ್ಯೂಸ್ ಬೋರ್ಡಿನ ಮುಂದೆ ನಿಂತಿದ್ದರು.

"ಅಪ್ಪ ಮಾತಾಡಿದ್ರಾ ಅಮ್ಮ?"

"ಹೂಂ, ಮಾತಾಡಿದ್ರು."

"ಏನಂದ್ರು?"

ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಊರಿಗೆ ಬಂದ್ಮೇಲೆ ಮನೆಗೆ ಬಾ ಕಣಮ್ಮ" ಅಂದೆ.

"ಅಪ್ಪ ಕರೆದ್ರಾ?"

ಹೂಂ ಅಂದರೆ ಸುಳಿವು ಕೊಟ್ಟ ಹಾಗೆ, ಇಲ್ಲ ಅಂದರೆ ಸುಳ್ಳು ಹೇಳಿದ ಹಾಗೆ. "ನಾನು ಕರೀತಿದೀನಿ" ಅಂದೆ.

"ಗೊತ್ತಾಯ್ತು ಬಿಡಮ್ಮ. ಒಪ್ಪಿದ್ರೆ ನೀನು ಇಷ್ಟೊತ್ತಿಗೆ ಕುಣೀತಿದ್ದೆ. ನಿಂಗೆ ಹೇಳಕ್ಕೆ ಕಷ್ಟ ಆಗ್ತಿದೆ ಅಷ್ಟೆ. ನೀನು ಬೇಜಾರ್ ಮಾಡ್ಕೋಬೇಡ. ಊರು ನೋಡ್ಕೊಂಡ್ ಬಾ" ಅಂದಳು.

ಆ ರಾತ್ರಿಯ ಊಟದಲ್ಲಿಯೂ ಮೆಣಸಿನಕಾಯಿ ಪಲ್ಯವಿತ್ತು. ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳದಿದ್ದದ್ದು ಅದರಿಂದಾದ ಒಂದು ಉಪಕಾರ.

ಮತ್ತೆ ಜಯಗಾಂವ್

ವಾಪಸಾಗುವ ದಾರಿಯುದ್ದಕ್ಕೂ ಇವರು ಬಹಳ ಗೆಲುವಾಗಿದ್ದರು. ಚಪ್ಪರಕ್ಕೆ ಸೀರಿಯಲ್ ಲೈಟು ತಾವೇ ಹಾಕುವುದಾಗಿ ಹೇಳಿದರು. ನಾನು ಹೂಂಗುಟ್ಟಿದೆ. ಬಣ್ಣದ ಬಾಗಿಲು ದಾಟಿ ಈಚೆಗೆ ಬಂದ ಮೇಲೆ ಧೈರ್ಯ ಮಾಡಿ, "ರೀ, ಆ ಆಣೆ ವಾಪಸ್ ತಗೊಳ್ರೀ" ಅನ್ನಲು ಬಾಯಿ ತೆರೆದೆ. ಆಟೋವೊಂದು ಅಡ್ಡ ಬಂತು. ಇವರು ಹಾರ್ನ್ ಒತ್ತಿದರು. ಈ ಸಲ ನಿಜವಾಗಿಯೂ ಒತ್ತಲೇಬೇಕಿತ್ತು. "ಪವರ್ ಆನ್" ಅನ್ನುವಷ್ಟರಲ್ಲಿ ಇನ್ನೊಂದು ಆಟೋ. ಸ್ಟೇಷನ್ನಿನಲ್ಲಿ ಇಳಿದು ಎದುರುಬದುರಾಗಿ ನಿಂತು ಅದನ್ನೇ ಕೇಳಿದೆ. ಇವರ ಮುಖ ಎಂದಿನ ಮುಖವಾಗಿತ್ತು. ಮಾತು ಮುಗಿಸಬೇಕಾದಾಗ ಅವರಿಗೆ ಗೌರಿಬಿದನೂರಿನ ತೆಲುಗು ಬರುತ್ತದೆ. "ಸರ್ಲೇ", ಅಂದರೆ ಸಾಕು ಬಿಡು, ಎಂದು ಬೈಕಿಗೆ ಗೋಣಿ ಸುತ್ತಲು ಹೋದರು. ಆಣೆ ಹಾಗೇ ಉಳಿಯಿತು.

ಶಿಡ್ಲಘಟ್ಟ

ಊರಿಗೆ ಬಂದ ಮೇಲೆ ಇವರು ಹಾರ್ನಿನ ಜಾಯಿಂಟ್ ಬಿಚ್ಚಿ, ಎಸೆದಿದ್ದ ಫ್ಯೂಸಿನ ವೈರು ಹುಡುಕಿ, ಬ್ಯಾಟರಿಗೆ ನೇರ ಹಾಕಿದರು. ಅರ್ಧ ಗಂಟೆಯ ಕೆಲಸವನ್ನು ಮನೆಯ ಮುಂದೆ ಕೂತು ಇಡೀ ಭಾನುವಾರ ಮಾಡಿದರು. ಸ್ಕೂಟಿಯ ಸದ್ದು ಕೇಳಿದಾಗೆಲ್ಲ ತಲೆ ಎತ್ತುತ್ತಿದ್ದರು. ಮುಂದಿನ ಭಾನುವಾರ ಬೈಕು ತೊಳೆದರು. ದೀಪಾವಳಿಗೆ ಒಬ್ಬಟ್ಟು ಮಾಡಿಸಿದರು. ರೂಪಾ ಬರಲಿಲ್ಲ. ಅಮ್ಮ ಹೇಳಿ ಕಳಿಸಲಿಲ್ಲವೆಂದರೆ ಅಪ್ಪ ಒಪ್ಪಲಿಲ್ಲ ಎಂದೇ ಅವಳ ಲೆಕ್ಕ. ಆ ಲೆಕ್ಕ ಅವಳಿಗೆ ಕಲಿಸಿದವಳು ನಾನೇ.

ದೀಪಾವಳಿ ಕಳೆದು ನನಗೆ ಫೋನ್ ಬಂತು. ಗುರುವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ನೀನು ಬಾ, ಅಪ್ಪನನ್ನು ನೋಯಿಸಬೇಡ ಎಂದಳು. ನಾನು ಇವರಿಗೆ ಹೇಳಿದೆ. "ನಿನ್ನ ಕರೆದಿದಾಳೆ, ಹೋಗು. ನಾನೇ ಬಿಟ್ಟು ಬರ್ತೀನಿ" ಅಂದರು.

ಬೈಕಿನಲ್ಲೇ ಹೋದೆವು. ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್, ರೇಷ್ಮೆಗೂಡು ತುಂಬಿದ ಗಾಡಿಗಳು. ಇವರು ಹಾರ್ನ್ ಒತ್ತಿದ್ದೇ ಒತ್ತಿದ್ದು. ಇಂಟರ್‌ಕಾಮ್ ಒಂದು ಸಲವೂ ಕಡಿದುಹೋಗಲಿಲ್ಲ. ಇವರ ಉಸಿರು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು. ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ರೂಪಾ ನಿಂತಿದ್ದಳು, ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಗೇಟಿನಾಚೆ ಇವರು ಬೈಕು ನಿಲ್ಲಿಸಿದರು. ಇಂಜಿನ್ ಆಫ್ ಮಾಡಲಿಲ್ಲ, ಹೆಲ್ಮೆಟ್ ತೆಗೆಯಲಿಲ್ಲ, ಹೊರಡಲೂ ಇಲ್ಲ. ಅವಳು ನೋಡಿದಳು, ಇವರು ನೋಡಿದರು. ನಾಲ್ಕು ಹೆಜ್ಜೆಯ ದೂರ. ಅಪ್ಪನಿಗೆ ಇಷ್ಟವಿಲ್ಲ, ಅಮ್ಮನನ್ನು ಬಿಡಲು ಬಂದಿದ್ದಾರೆ ಎಂದು ಅವಳು ತಿಳಿದಳು. ಮಗಳು ಇಷ್ಟು ಹತ್ತಿರ ನಿಂತೂ ಬಂದು ಕರೆಯುವುದಿಲ್ಲ ಎಂದು ಇವರು ತಿಳಿದರು. ಎರಡೂ ತಿಳಿದಿದ್ದವಳು ನಡುವೆ ಹೆಲ್ಮೆಟ್ ಹಿಡಿದು ನಿಂತಿದ್ದೆ. ಇವರು ಗೇರ್ ಹಾಕಿ ಬೈಕು ತಿರುಗಿಸಿದರು.

ಸಹಿ ಆಯಿತು, ಹಾರ ಆಯಿತು. ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಮದುವೆ ಮುಗಿದ ಮೇಲೆ ಆಣೆಯೂ ಮುಗಿಯಿತು ಎಂದುಕೊಂಡು, ದೋಚುಲಾದ ಇಳಿಜಾರಿನಲ್ಲಿ ನಡೆದ ಮಾತನ್ನೆಲ್ಲ ರೂಪಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು.

"ಕೇಳೋದಷ್ಟೇನಾ? ಅಷ್ಟಕ್ಕೆ ಬರ್ತಿದ್ರಾ?"

"ಹೂಂ ಕಣಮ್ಮ. ನಿನ್ನ ತಲೆ ಮೇಲೆ ಆಣೆ ಇಡಿಸಿದ್ರು. ಹೇಳಕ್ಕೆ ಭಯ ಆಯ್ತು."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಹಾರದಿಂದ ತಲೆಗೆ ಅಂಟಿದ್ದ ಹೂವಿನ ಎಸಳೊಂದನ್ನು ತೆಗೆದು ಎಲೆಯ ಪಕ್ಕ ಇಟ್ಟಳು.

"ನನ್ನ ತಲೆಗೇನೂ ಆಗ್ತಿರ್ಲಿಲ್ಲ ಕಣಮ್ಮ," ಅಂದಳು. "ಹೇಳ್ಬೇಕಿತ್ತು."